ಮನೆಗೊಂದು ವೆಲ್ಡಿಂಗ್ ಮೆಷಿನ್: ಡಬ್ಬದ ಮೇಲಿನ ಆಂಪಿಯರ್, ಗೋಡೆಯ ಸಾಕೆಟ್

ಮನೆಯ 230 ವೋಲ್ಟ್ ವಿದ್ಯುತ್ತಿನ ವೋಲ್ಟೇಜನ್ನು ಇಳಿಸಿ ಕರೆಂಟನ್ನು ಏರಿಸಿ ಕೊಡುವುದೇ ವೆಲ್ಡಿಂಗ್ ಮೆಷಿನ್ನಿನ ಕೆಲಸ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಆರ್ಕ್‌ಗೆ 20ರಿಂದ 25 ವೋಲ್ಟ್ ಸಾಕು. ಆದರೆ ಅದರಲ್ಲಿ 80, 100 ಆಂಪಿಯರ್ ಹರಿಯಬೇಕು. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಇದನ್ನು 50 ಹರ್ಟ್ಸ್ ಆವರ್ತನದಲ್ಲೇ ಮಾಡುತ್ತಿತ್ತು. ಅದಕ್ಕೆ ದಪ್ಪನೆಯ ಕಬ್ಬಿಣದ ತಿರುಳು ಬೇಕಾಗಿದ್ದರಿಂದ ಅದನ್ನು ಎತ್ತಲು ಇಬ್ಬರಾದರೂ ಬೇಕಿತ್ತು. ಈಗಿನ ಇನ್ವರ್ಟರ್ ಮೆಷಿನ್ ಎಸಿಯನ್ನು ಮೊದಲು ಸುಮಾರು 325 ವೋಲ್ಟಿನ ಡಿಸಿಯಾಗಿಸಿಕೊಳ್ಳುತ್ತದೆ. ಅದನ್ನು ಐಜಿಬಿಟಿ ಎಂಬ ಅರೆವಾಹಕ ಸ್ವಿಚ್‌ಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಆವರ್ತನ ಏರಿದಷ್ಟೂ ಚಿಕ್ಕ ತಿರುಳೇ ಸಾಕಾಗುತ್ತದೆ. ಹೆಗಲಿಗೆ ನೇತುಹಾಕಿಕೊಂಡು ಹೋಗುವಷ್ಟು ಹಗುರ ಮೆಷಿನ್ ಬಂದದ್ದು ಹೀಗೆ.

ಅಗ್ಗದ ಮೆಷಿನ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲಿನ 200, 250 ಎಂಬ ದೊಡ್ಡ ಅಂಕಿಯತ್ತ. ಆ ಅಂಕಿ ನಿಜವೇ ಆಗಿದ್ದರೂ ಮನೆಯಲ್ಲಿ ಅದು ದಕ್ಕುವುದಿಲ್ಲ. ಲೆಕ್ಕ ಹೀಗಿದೆ: 2.5 ಮಿಲಿಮೀಟರ್ ರಾಡಿಗೆ ಸುಮಾರು 80 ಆಂಪಿಯರ್, ಆರ್ಕ್‌ನ ವೋಲ್ಟೇಜ್ 23. ಅಂದರೆ ಹೆಚ್ಚುಕಡಿಮೆ 1,850 ವ್ಯಾಟ್. ಮೆಷಿನ್ನಿನೊಳಗಿನ ನಷ್ಟವನ್ನೂ ಪವರ್ ಫ್ಯಾಕ್ಟರನ್ನೂ ಸೇರಿಸಿದರೆ ಗೋಡೆಯಿಂದ 15 ಆಂಪಿಯರಿನಷ್ಟು ಎಳೆಯಬೇಕಾಗುತ್ತದೆ. ಗೀಸರಿಗೆಂದು ಹಾಕಿಸಿದ 16 ಆಂಪಿಯರಿನ ಸಾಕೆಟ್ಟಿನ ಮಿತಿ ಇಲ್ಲಿಗೇ ಮುಗಿಯಿತು. 3.15 ರಾಡನ್ನು 120ರಲ್ಲಿ ಓಡಿಸಿದರೆ ಎಳೆತ 25ರ ಆಸುಪಾಸಿಗೆ ಹೋಗುತ್ತದೆ. ಅದಕ್ಕೆ ಮೀಟರ್ ಬೋರ್ಡಿನಿಂದ ದಪ್ಪ ವೈರಿನ ಬೇರೆ ಲೈನೇ ಬೇಕು, ಮಂಜೂರಾದ ಲೋಡೂ ಸಾಲಬೇಕು. ಗೇಟು, ಸ್ಟ್ಯಾಂಡು, ಸ್ಕ್ವೇರ್ ಪೈಪಿನ ಬೆಂಚಿನಂಥ ಮನೆಗೆಲಸಕ್ಕೆ 2.5 ರಾಡೇ ಬಹುಪಾಲು ಸಾಕು.

ಅಂಕಿಗಿಂತ ಮುಖ್ಯವಾದುದು ಹಿಂಬದಿಯ ಪಟ್ಟಿಯಲ್ಲಿ ಚಿಕ್ಕದಾಗಿ ಬರೆದಿರುವ ಡ್ಯೂಟಿ ಸೈಕಲ್. ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಬೆಸೆಯಬಹುದು ಎಂಬುದನ್ನು ಅದು ಹೇಳುತ್ತದೆ. 200 ಆಂಪಿಯರಿನಲ್ಲಿ ಶೇ 20 ಎಂದಿದ್ದರೆ ಎರಡು ನಿಮಿಷ ಕೆಲಸ, ಎಂಟು ನಿಮಿಷ ವಿರಾಮ. ಬಿಸಿಯೇರುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಆದ್ದರಿಂದ ಅದೇ ಮೆಷಿನ್ 100 ಆಂಪಿಯರಿನಲ್ಲಿ ಸರಿಸುಮಾರು ಎಂಟು ನಿಮಿಷ ನಡೆಯಬಲ್ಲದು. ಈ ಲೆಕ್ಕವನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹಾಕಿರುತ್ತಾರೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ತಗಡಿನ ಶೆಡ್ಡು ಅದನ್ನು ಸುಲಭವಾಗಿ ದಾಟುತ್ತದೆ, ಅಲ್ಲಿ ವಿರಾಮ ಇನ್ನೂ ಹೆಚ್ಚಬೇಕು. ಡ್ಯೂಟಿ ಸೈಕಲ್ಲನ್ನೇ ನಮೂದಿಸದ 250ರ ಮೆಷಿನ್ನಿಗಿಂತ ಶೇ 60 ಎಂದು ಬರೆದಿರುವ 160ರ ಮೆಷಿನ್ ಒಳ್ಳೆಯದು.

ಮೆಷಿನ್ ಕೆಟ್ಟಿದೆ ಎಂಬ ದೂರುಗಳಲ್ಲಿ ಅನೇಕವು ಮೆಷಿನ್ನಿನ ಹೊರಗಿನವು. ರಾಡ್ ಪದೇ ಪದೇ ಅಂಟಿಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದದ್ದು ಅರ್ಥ್ ಕ್ಲಾಂಪ್. ಡಬ್ಬದ ಜೊತೆ ಬರುವ ತೆಳುತಗಡಿನ ಕ್ಲಾಂಪಿನ ಸ್ಪ್ರಿಂಗ್ ಬೇಗ ಸಡಿಲವಾಗುತ್ತದೆ. ತುಕ್ಕು, ಪೇಂಟಿನ ಮೇಲೆ ಕಚ್ಚಿಸಿದರಂತೂ ಕರೆಂಟು ಸರಿಯಾಗಿ ಹಾಯುವುದೇ ಇಲ್ಲ. ಕಚ್ಚಿಸುವ ಜಾಗವನ್ನು ಗ್ರೈಂಡರಿನಿಂದ ಹೊಳೆಯುವಂತೆ ಉಜ್ಜಬೇಕು. ಕ್ಲಾಂಪ್ ಮುಟ್ಟಿದಾಗ ಬಿಸಿ ಎನಿಸಿದರೆ ಹಿಡಿತ ಸರಿಯಿಲ್ಲ ಎಂದೇ ಅರ್ಥ. ಆಮೇಲೆ ಲೈನ್. ರಾಡ್ ಉರಿಯುತ್ತಿರುವಾಗಲೇ ಸಾಕೆಟ್ಟಿನ ವೋಲ್ಟೇಜ್ ಅಳೆಯಬೇಕು, ಸುಮ್ಮನಿದ್ದಾಗ ತೋರಿಸುವ 230ಕ್ಕೆ ಬೆಲೆಯಿಲ್ಲ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನ್ ಎಷ್ಟು ಕುಸಿಯುತ್ತದೆ ಎಂಬುದು ಆಗಲೇ ಗೊತ್ತಾಗುವುದು. 1.5 ಚದರ ಮಿಲಿಮೀಟರಿನ 20 ಮೀಟರ್ ಎಕ್ಸ್‌ಟೆನ್ಷನ್ ವೈರ್ 15 ಆಂಪಿಯರಿಗೆ ಏಳು ವೋಲ್ಟ್ ತಿಂದು, ನೂರು ವ್ಯಾಟಿನಷ್ಟು ಶಾಖ ಉಗುಳುತ್ತದೆ. ಸುರುಳಿ ಬಿಚ್ಚದೆ ಬಳಸಿದರೆ ಆ ಶಾಖಕ್ಕೆ ವೈರಿನ ಹೊದಿಕೆಯೇ ಕರಗಬಹುದು.

ಮಲೆನಾಡಿನ ಮಳೆಗಾಲದಲ್ಲಿ ರಾಡಿನ ಲೇಪ ತೇವ ಹೀರುತ್ತದೆ. ಆಗ ಆರ್ಕ್ ಚಟಪಟ ಸಿಡಿಯುತ್ತದೆ, ಕಿಟ್ಟ ಕೆರೆದು ನೋಡಿದರೆ ಬೆಸುಗೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಡಬ್ಬದ ಮೇಲೆ 6013 ಎಂಬ ಗುರುತಿರುವ ರಾಡಾದರೆ ನೂರು ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಒಣಗಿಸಿದರೆ ಆಯಿತು. 7018ಕ್ಕೆ 300ಕ್ಕಿಂತ ಹೆಚ್ಚಿನ ಬಿಸಿ ಬೇಕು, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ತೆಳು ಪೈಪು ತೂತು ಬೀಳುತ್ತಿದ್ದರೆ ಕರೆಂಟು ಇಳಿಸಬೇಕು, 6013 ರಾಡನ್ನು ಮೈನಸ್ಸಿಗೆ ಹಾಕಬೇಕು.

ಸ್ವಿಚ್ ಒತ್ತಿದ ಕೂಡಲೇ ಎಂಸಿಬಿ ಬಿದ್ದರೆ ಅದು ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗಿನ ಕ್ಷಣದ ಎಳೆತವಿರಬಹುದು. ಬಿ ಬದಲು ಸಿ ಮಾದರಿಯದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದರೆ ಸರಿಹೋಗಬಹುದು. ಆಗಲೂ ಬೀಳುತ್ತಿದ್ದರೆ ಐಜಿಬಿಟಿ ಶಾರ್ಟ್ ಆಗಿರುವ ಸಂಭವ ಹೆಚ್ಚು. ಕೆಲವು ನಿಮಿಷ ಬೆಸೆದ ಮೇಲೆ ಬಿದ್ದರೆ ಅದು ಓವರ್‌ಲೋಡ್. ವೈರ್ ಬದಲಿಸದೆ ದೊಡ್ಡ ಎಂಸಿಬಿ ಹಾಕುವುದು ಬೆಂಕಿಗೆ ದಾರಿ. ಹಳದಿ ದೀಪ ಹೊತ್ತಿಕೊಂಡು ಕರೆಂಟು ನಿಂತರೆ ಮೆಷಿನ್ ಕಾದಿದೆ. ಆಗ ಮೇನ್ ಆರಿಸಬಾರದು, ಫ್ಯಾನ್ ತಿರುಗುತ್ತಲೇ ಇರಬೇಕು. ಅದೇ ಫ್ಯಾನ್ ಗ್ರೈಂಡರಿನ ಕಬ್ಬಿಣದ ಪುಡಿಯನ್ನೂ ಒಳಗೆಳೆದುಕೊಂಡು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಿಸುತ್ತದೆ. ಆದ್ದರಿಂದ ಗ್ರೈಂಡರ್ ಹಿಡಿದಾಗ ಮೆಷಿನ್ ದೂರವಿರಬೇಕು.

ಆ ಪುಡಿ ಊದಲೆಂದು ಕವರ್ ಬಿಚ್ಚುವವರು ಒಂದು ಸಂಗತಿ ತಿಳಿದಿರಬೇಕು: ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ಡಿಸಿ ಕೆಲವು ನಿಮಿಷ ಉಳಿದಿರಬಹುದು. ಮೀಟರಿನಲ್ಲಿ ಅಳೆದು, ಅದು ಇಳಿದಿದೆ ಎಂದು ಖಚಿತವಾದ ಮೇಲಷ್ಟೇ ಒಳಗೆ ಕೈ ಹಾಕಬೇಕು.