ಉಬ್ಬರಕ್ಕೆ ಮುಚ್ಚುವ ಬಾಗಿಲು

ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿ ಕಡಲಿನ ಉಬ್ಬರ ನಾಲ್ಕೂವರೆ ಮೀಟರ್ ದಾಟುತ್ತದೆ. ಅದೇ ಹೊತ್ತಿಗೆ ನವಿ ಮುಂಬಯಿಯ ವಾಶಿಯಲ್ಲಿ ಮಳೆಯೂ ಹೊಯ್ಯುತ್ತಿದ್ದರೆ, ಸೆಕ್ಟರುಗಳ ನಾಲೆಗಳಲ್ಲಿ ಹರಿದು ಬಂದ ನೀರು ಥಾಣೆ ಖಾಡಿ ಎಂಬ ಅಳಿವೆಯ ಅಂಚಿನಲ್ಲಿ ಒಂದು ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ಬಾಗಿಲು ಮುಚ್ಚಿರುತ್ತದೆ. ಅದನ್ನು ಮುಚ್ಚಿದ್ದು ಹೊರಗೆ ಏರಿ ನಿಂತ ಉಬ್ಬರದ ನೀರೇ. ಮೇಲಂಚಿಗೆ ಕೀಲು ಹಾಕಿ ತೂಗುಬಿಟ್ಟ ಆ ಹಲಗೆಯನ್ನು ಕಡಲು ಒತ್ತಿ ಹಿಡಿದಿರುತ್ತದೆ. ಇಳಿತ ಶುರುವಾಗಿ ಹೊರಗಿನ ನೀರು ಒಳಗಿನದಕ್ಕಿಂತ ಕೆಳಗಾದ ಕೂಡಲೇ ಒಳಗಿನ ನೀರು ಅದನ್ನು ನೂಕಿ ತೆರೆದು ಹೊರಟುಹೋಗುತ್ತದೆ.

ಹಾಗಾದರೆ ಬಾಗಿಲು ಮುಚ್ಚಿರುವ ಆ ಕೆಲವು ತಾಸು ಊರಿನ ಮಳೆನೀರು ಎಲ್ಲಿ ಕಾಯಬೇಕು?

ಈ ಪ್ರಶ್ನೆಗೆ ಉತ್ತರವಾಗಿ ನವಿ ಮುಂಬಯಿಯಲ್ಲಿ ಖಾಡಿಯ ಉದ್ದಕ್ಕೂ ಕೆರೆಗಳನ್ನು ಮಾಡಿದ್ದಾರೆ. ಹೋಲ್ಡಿಂಗ್ ಪಾಂಡ್ ಎಂದು ಅವುಗಳ ಹೆಸರು. ಡಚ್ಚರಿಂದ ಕಲಿತ ವಿದ್ಯೆ ಎಂದು ಹೇಳುವುದು ರೂಢಿ. ಅದು ನಿಜವೇ. ಆದರೆ ಆ ಬಾಗಿಲು ಮಾತ್ರ ಎಂಜಿನಿಯರುಗಳು ಬರುವುದಕ್ಕೆ ಎಷ್ಟೋ ಮೊದಲೇ ಈ ನೆಲದಲ್ಲಿತ್ತು. ಹವಾಮಾನ ಕೆಡುತ್ತಿರುವ ಈ ಕಾಲದಲ್ಲಿ ಅದರ ಕತೆಯನ್ನು ಮೊದಲಿನಿಂದ ನೆನೆಯಬೇಕಾಗಿದೆ.

ಎರಡು ಬಾಯಿಯ ನದಿ

ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳು ಗೋದಾವರಿ, ಕೃಷ್ಣೆಯರಂತೆ ಕಡಲಂಚಿನಲ್ಲಿ ಬೀಸಣಿಗೆಯಾಕಾರದ ಡೆಲ್ಟಾ ಕಟ್ಟುವುದಿಲ್ಲ. ಘಟ್ಟದಿಂದ ಕಡಲಿಗೆ ದಾರಿ ತೀರ ಹತ್ತಿರ. ಹಾಗಾಗಿ ಇಲ್ಲಿ ಇರುವುದು ಅಳಿವೆ, ಮರಾಠಿಯವರ ಮಾತಿನಲ್ಲಿ ಖಾಡಿ. ಆದರೆ ಡೆಲ್ಟಾದ ಕಷ್ಟಗಳೆಲ್ಲ ಅಳಿವೆಗೂ ಉಂಟು. ತಗ್ಗು ನೆಲ, ಉಪ್ಪುನೀರು, ಕೆಸರು, ಮೇಲಿನಿಂದ ನೆರೆ, ಕೆಳಗಿನಿಂದ ಉಬ್ಬರ.

ಉಲ್ಹಾಸ್ ನದಿ ಲೋಣಾವಳದ ಬಳಿ ಬೋರ್ ಘಾಟ್ ಸೀಮೆಯಲ್ಲಿ ಹುಟ್ಟಿ, ಕರ್ಜತ್, ಬದ್ಲಾಪುರ ದಾಟಿ ಕಲ್ಯಾಣಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅದು ಅರ್ಧ ನದಿ, ಅರ್ಧ ಕಡಲು. ಡೊಂಬಿವಲಿಯ ಮೋಠಾಗಾಂವ್, ಮುಂಬ್ರಾ ದಾಟಿ ಥಾಣೆಗೆ ಬಂದಾಗ ಎರಡು ಕವಲಾಗುತ್ತದೆ. ದೊಡ್ಡ ಕವಲು ಘೋಡ್‌ಬಂದರ್ ಬದಿಯಿಂದ ಪಶ್ಚಿಮಕ್ಕೆ ತಿರುಗಿ ವಸಾಯಿ ಖಾಡಿಯಾಗುತ್ತದೆ. ಇನ್ನೊಂದು ಸಣಕಲು ಕವಲು ದಕ್ಷಿಣಕ್ಕೆ ಥಾಣೆ ಖಾಡಿಯನ್ನು ಸೇರುತ್ತದೆ. ಈ ಎರಡು ಬಾಯಿಗಳ ನಡುವೆ ಮುಂಬಯಿಯ ಸಾಷ್ಟಿ ದ್ವೀಪ ಕುಳಿತಿದೆ.

ಇದು ಹಳೆಯ ನೀರಿನ ದಾರಿ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾವಿಕರ ಬರಹದಲ್ಲಿ ಕಲ್ಯಾಣಿನ ಬಂದರಿನ ಹೆಸರಿದೆ. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ್, ಭಿವಂಡಿಗಳನ್ನು ಗೆದ್ದು ತಮ್ಮ ನೌಕಾಬಲದ ಕೆಲಸ ಆರಂಭಿಸಿದ್ದು ಇದೇ ಖಾಡಿಯಲ್ಲಿ. ಅದರ ಗುರುತಾಗಿ ದುರ್ಗಾಡಿ ಕೋಟೆ ಇಂದಿಗೂ ದಡದಲ್ಲಿ ನಿಂತಿದೆ. 1854ರಲ್ಲಿ ತೆರೆದ ಥಾಣೆ-ಕಲ್ಯಾಣ್ ರೈಲುದಾರಿಯನ್ನು ಹಾಸಿದವರು ಮೊದಲು ದಾಟಬೇಕಾದದ್ದೂ ಈ ನೀರನ್ನೇ.

ಆಗರಿಗಳ ಉಘಾಡಿ

ಉಪ್ಪಿನ ಆಗರ ಎಂಬ ಮಾತು ನಮ್ಮ ಉತ್ತರ ಕನ್ನಡದವರಿಗೆ ಹೊಸದಲ್ಲ. ಥಾಣೆ, ಬೇಲಾಪುರ, ಪನ್ವೇಲ್ ಸೀಮೆಯ ಮೂಲ ನಿವಾಸಿಗಳಾದ ಆಗರಿ ಜನರಿಗೆ ಆ ಹೆಸರು ಬಂದದ್ದೂ ಆಗರದಿಂದಲೇ ಎನ್ನುತ್ತಾರೆ. ಉಪ್ಪು ಬೆಳೆದವರು, ಉಪ್ಪುನೆಲದಲ್ಲಿ ಭತ್ತವನ್ನೂ ಬೆಳೆದವರು. ಆ ನೆಲಕ್ಕೆ ಖಾರ್ ಜಮೀನು ಎಂದು ಹೆಸರು.

ಖಾರ್ ಜಮೀನು ದೈವ ಕೊಟ್ಟ ನೆಲವಲ್ಲ, ಮೈ ಮುರಿದು ಮಾಡಿದ ನೆಲ. ಖಾಡಿಯ ಕೆಸರನ್ನೇ ಅಗೆದು ಒಡ್ಡು ಹಾಕಬೇಕು. ಒಡ್ಡಿನಲ್ಲಿ ಹಲಗೆಯ ಬಾಗಿಲು ಇಡಬೇಕು. ಅದೇ ಉಘಾಡಿ. ಜೂನ್, ಜುಲೈ ಮಳೆ ಗದ್ದೆಯ ಮೇಲ್ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಇಳಿತದ ಹೊತ್ತಿಗೆ ಆ ಉಪ್ಪುನೀರು ಉಘಾಡಿಯಿಂದ ಹೊರಬೀಳುತ್ತದೆ. ಉಬ್ಬರದಲ್ಲಿ ಬಾಗಿಲು ಮುಚ್ಚಿ ಕಡಲನ್ನು ಹೊರಗಿಡುತ್ತದೆ. ಆಮೇಲೆ ನಾಟಿ. ವರ್ಷಕ್ಕೆ ಒಂದೇ ಬೆಳೆ, ಅದೂ ಉಪ್ಪು ತಾಳುವ ರಾತಾ ಜಾತಿಯ ಭತ್ತ. ಕಾಳಾ ರಾತಾ, ಭುರಾ ರಾತಾ ಅದರಲ್ಲಿ ಹೆಸರಾದವು. ಕೊಯ್ಲಾದ ಮೇಲೆ ಅದೇ ನೆಲದ ನೀರಿನಲ್ಲಿ ಸಿಗಡಿ, ಏಡಿ, ಕೆಸರಿನಲ್ಲಿ ಕುಪ್ಪಳಿಸುವ ನಿವಟಿ ಮೀನು. ಒಡ್ಡು ಒಂದು ಕಡೆ ಒಡೆದರೂ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ. ಹಾಗಾಗಿ ಅದನ್ನು ಕಾಯುವುದು ಊರೊಟ್ಟಿನ ಕೆಲಸ.

ಈ ಕೆಲಸದ ಬೆಲೆಯನ್ನು ಸರ್ಕಾರ ಕಾನೂನಿನಲ್ಲಿ ಒಪ್ಪಿಕೊಂಡದ್ದು 1948ರ ಬಾಂಬೆ ಖಾರ್ ಲ್ಯಾಂಡ್ಸ್ ಕಾಯ್ದೆಯಿಂದ. ಆಗ ನಮ್ಮ ಕಾರವಾರ, ಕುಮಟೆಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮುಂದೆ 1979ರಲ್ಲಿ ಮಹಾರಾಷ್ಟ್ರ ತನ್ನದೇ ಖಾರಭೂಮಿ ಅಭಿವೃದ್ಧಿ ಕಾಯ್ದೆ ಮಾಡಿತು. ಪನ್ವೇಲಿನ ಖಾರಭೂಮಿ ಸಂಶೋಧನಾ ಕೇಂದ್ರ ಉಪ್ಪು ತಾಳುವ ಪನ್ವೇಲ್-1, 2, 3 ಎಂಬ ಭತ್ತದ ತಳಿಗಳನ್ನು ಕೊಟ್ಟಿತು.

ಉಘಾಡಿಯಲ್ಲಿ ಒಂದು ವಿವೇಕ ಅಡಗಿದೆ. ಮಳೆನೀರಿಗೆ ಗದ್ದೆಯಲ್ಲಿ ನಿಲ್ಲಲು ಜಾಗವಿತ್ತು. ಬಾಗಿಲು ಮುಚ್ಚಿದ್ದಾಗ ನೀರು ಗದ್ದೆಯಲ್ಲಿ ಕಾಯುತ್ತಿತ್ತು, ತೆರೆದಾಗ ಹೋಗುತ್ತಿತ್ತು. ಬಾಗಿಲಿನ ಹಿಂದೆ ಅಂಗಳವಿತ್ತು.

ಗದ್ದೆ ಹೋಗಿ ಸೆಕ್ಟರ್ ಬಂದಾಗ

1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ಮುಂಬಯಿಯ ಒತ್ತಡ ಇಳಿಸಲು ಖಾಡಿಯ ಪೂರ್ವ ದಡದಲ್ಲಿ ಹೊಸ ನಗರ ಕಟ್ಟಬಹುದೆಂದು ಸೂಚಿಸಿದರು. 1970ರ ಮಾರ್ಚ್ 17ರಂದು ಆ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಸೀಮೆ, ಒಟ್ಟು 344 ಚದರ ಕಿಲೋಮೀಟರ್ ಹೊಸ ಊರಿನ ನಕ್ಷೆಗೆ ಸೇರಿತು. ಅದರಲ್ಲಿ ಖಾಡಿಯ ಅಂಚಿನ ನೆಲದ ಬಹುಪಾಲು ಖಾರ್ ಗದ್ದೆ, ಉಪ್ಪಿನ ಆಗರ, ಕೆಸರು ಬಯಲು.

ಆ ನೆಲ ದೊಡ್ಡ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಇಡೀ ನಗರಕ್ಕೆ ಮಣ್ಣು ತುಂಬಿ ಎತ್ತರಿಸಬೇಕೆಂದರೆ ಎಷ್ಟು ಗುಡ್ಡ ಕರಗಿಸಿದರೂ ಸಾಲದು. ಹಾಗಾಗಿ ಸಿಡ್ಕೊ ಡಚ್ಚರ ದಾರಿ ಹಿಡಿಯಿತು. ಖಾಡಿಗೆ ಒಡ್ಡು, ಒಡ್ಡಿನಲ್ಲಿ ತಾನಾಗಿ ತೆರೆದು ಮುಚ್ಚುವ ಫ್ಲಾಪ್ ಗೇಟು, ಒಡ್ಡಿನ ಹಿಂದೆ ಹೋಲ್ಡಿಂಗ್ ಪಾಂಡ್. ಆಗರಿಗಳ ಉಘಾಡಿ ಕಬ್ಬಿಣದ್ದಾಯಿತು, ಅವರ ಗದ್ದೆಯ ಕೆಲಸ ಕೆರೆಗೆ ಬಂತು.

ನೆಲ ಕೊಟ್ಟವರ ನೋವನ್ನೂ ಇಲ್ಲಿ ಹೇಳಬೇಕು. ಭೂಸ್ವಾಧೀನದ ವಿರುದ್ಧ ದಿ. ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ಸೀಮೆಯ ಜಾಸಯಿ ಪರಿಸರದಲ್ಲಿ ಗುಂಡೇಟಿಗೆ ಐವರು ಜೀವ ಕಳೆದುಕೊಂಡರು. ಅಭಿವೃದ್ಧಿಪಡಿಸಿದ ನೆಲದಲ್ಲಿ ಶೇ. 12.5 ಪಾಲು ರೈತರಿಗೆ ಮರಳಬೇಕೆಂಬ ನಿಯಮ ಬಂದದ್ದು ಆ ಹೋರಾಟದಿಂದ. ನವಿ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಪಾಟೀಲರದೇ ಹೆಸರಿಡಲು ರಾಜ್ಯ ಸರ್ಕಾರ ಒಪ್ಪಿದೆ. ಆ ನಿಲ್ದಾಣಕ್ಕಾಗಿಯೂ ಗುಡ್ಡ ಕಡಿದು ತಗ್ಗು ತುಂಬಿಸಿ, ಉಳ್ವೆ ನದಿಯ ದಾರಿ ತಿರುಗಿಸಿದ್ದಾರೆ. ನೀರಿನ ಜಾಗ ಬದಲಿಸುವ ಕೆಲಸ ಇನ್ನೂ ನಿಂತಿಲ್ಲ.

2005: ಒಂದು ನೆರೆ, ಒಂದು ಆದೇಶ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಳೆಯ ಜೊತೆ ಉಬ್ಬರವೂ ಕೂಡಿಕೊಂಡಿತು. ಕಲ್ಯಾಣ್, ಬದ್ಲಾಪುರ, ಅಂಬರನಾಥಗಳಲ್ಲಿ ಉಲ್ಹಾಸ್ ಮತ್ತು ವಾಲ್ಧುನಿ ನದಿಗಳು ಮನೆಗಳೊಳಗೆ ನುಗ್ಗಿದವು. 1060ರ ಶಾಸನವಿರುವ ಅಂಬರನಾಥದ ಶಿವಾಲಯದ ಪಕ್ಕದಲ್ಲಿ ಹರಿಯುವ ವಾಲ್ಧುನಿಯನ್ನು ಅಷ್ಟರೊಳಗೆ ಜನ ಗಟಾರವೆಂದೇ ತಿಳಿದಿದ್ದರು. ಆ ದಿನ ಅದು ತಾನು ನದಿ ಎಂದು ತೋರಿಸಿತು.

ಅದೇ ವರ್ಷದ ಅಕ್ಟೋಬರ್ 6ರಂದು, ಬಾಂಬೆ ಎನ್ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿಯುವುದನ್ನೂ ಅದರ ಸುತ್ತ 50 ಮೀಟರಿನೊಳಗೆ ಕಟ್ಟಡ ಕಟ್ಟುವುದನ್ನೂ ಬಾಂಬೆ ಹೈಕೋರ್ಟ್ ತಡೆಯಿತು. 2018ರ ಸೆಪ್ಟೆಂಬರ್ 17ರ ಅಂತಿಮ ತೀರ್ಪು, ಕಾಂಡ್ಲಾ ನಾಶ ಬದುಕುವ ಹಕ್ಕಿಗೇ ಧಕ್ಕೆ ಎಂದು ಹೇಳಿತು. ನಡುವೆ 2012ರಲ್ಲಿ ರಾಜ್ಯದ ಅರಣ್ಯ ಇಲಾಖೆ ಮ್ಯಾಂಗ್ರೋವ್ ಸೆಲ್ ತೆರೆಯಿತು. 2015ರಲ್ಲಿ ಥಾಣೆ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಖಾಡಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿ ಸೇರಿತು, 6,521 ಹೆಕ್ಟೇರ್ ವಿಸ್ತಾರ. ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ರೈಲಿನ ಕಿಟಕಿಯಿಂದ ಕಾಣುವ ಹಸಿರು ಉಳಿದುಕೊಂಡದ್ದರಲ್ಲಿ ಈ ಆದೇಶಗಳ ಪಾಲು ದೊಡ್ಡದು.

ಆದರೆ ಈ ಗೆಲುವಿನೊಳಗೇ ಒಂದು ತೊಡಕು ಹುಟ್ಟಿಕೊಂಡಿತು. ಹೋಲ್ಡಿಂಗ್ ಪಾಂಡ್‌ಗಳ ಗೇಟುಗಳು ಕೆಟ್ಟ ಕಡೆ ಖಾಡಿಯ ಹೂಳು ಒಳಬಂತು. ಹೂಳಿನ ಜೊತೆ ಕಾಂಡ್ಲಾ ಬೀಜವೂ ಬಂತು. ಕೆರೆಯೊಳಗೇ ಕಾಡು ಬೆಳೆಯಿತು. ಹೂಳೆತ್ತದೆ ಕೆರೆಗೆ ನೀರು ಹಿಡಿಯುವ ಶಕ್ತಿ ಇಲ್ಲ. ಹೂಳೆತ್ತಬೇಕೆಂದರೆ ಗಿಡ ತೆಗೆಯಬೇಕು, ಅದಕ್ಕೆ ಕೋರ್ಟಿನ ಅಪ್ಪಣೆ ಬೇಕು. ನಗರವನ್ನು ಕಾಯುವ ಎರಡು ಕಾವಲುಗಾರರು ಒಂದೇ ಜಾಗದಲ್ಲಿ ಎದುರುಬದುರು ನಿಂತಂತಾಯಿತು. ಇನ್ನೊಂದು ಕಡೆ, 2024ರಲ್ಲಿ ನೆರುಳಿನ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಕಟ್ಟಿಹೋಗಿ ಕೆರೆ ಒಣಗಿತು, ಫ್ಲೆಮಿಂಗೊಗಳು ದಿಕ್ಕೆಟ್ಟವು. ನೀರು ಬಂದು ಹೋಗುವ ಲಯ ತಪ್ಪಿದರೆ ಕೆರೆಯೂ ಕೆಡುತ್ತದೆ, ಕಾಡೂ ಕೆಡುತ್ತದೆ.

ಬಾಗಿಲು ತೆರೆದಿರುವ ಹೊತ್ತು

ಹವಾಮಾನ ಬದಲಾವಣೆ ಈ ಬಾಗಿಲಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ದೊಡ್ಡ ಲೆಕ್ಕ ಬೇಡ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯಂತೆ 1901ರಿಂದ 2018ರೊಳಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಕಡಲು ಏರಿದಷ್ಟೂ ಫ್ಲಾಪ್ ಗೇಟು ಬೇಗ ಮುಚ್ಚುತ್ತದೆ, ತಡವಾಗಿ ತೆರೆಯುತ್ತದೆ. ನೀರು ಹೊರಹೋಗುವ ಹೊತ್ತು ಕಿರಿದಾಗುತ್ತದೆ. ಇನ್ನೊಂದೆಡೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಮಧ್ಯ ಭಾರತದಲ್ಲಿ ವ್ಯಾಪಕ ಅತಿಮಳೆಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಒಳಗೆ ಬರುವ ನೀರು ಹೆಚ್ಚು, ಹೊರಗೆ ಹೋಗುವ ಹೊತ್ತು ಕಡಿಮೆ.

ಕಲ್ಯಾಣ್, ಡೊಂಬಿವಲಿಗಳ ಪಾಡು ಇನ್ನೂ ಬಿಗಿ. ಅಲ್ಲಿ ಮೇಲಿನ ನೆರೆಯೂ ಕೆಳಗಿನ ಉಬ್ಬರವೂ ಎದುರಾಗುತ್ತವೆ. 2019ರ ಜುಲೈ 27ರಂದು ಉಲ್ಹಾಸ್ ಉಕ್ಕಿ, ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಬಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ದಡ ಮುಟ್ಟಿಸಬೇಕಾಯಿತು. ಆ ರೈಲು ಕೊಲ್ಹಾಪುರಕ್ಕೆ ಹೊರಟಿತ್ತು. ಬೆಳಗಾವಿ ಸೀಮೆಯ ನಮ್ಮವರಿಗೆ ಅದು ಊರಿನ ದಾರಿಯ ರೈಲು.

ಪಂಪು ಹಾಕಿ ನೀರೆತ್ತಬಹುದು. ಅದು ಬೇಕು ಕೂಡ. ಆದರೆ ಪಂಪಿಗೂ ನೀರು ನಿಲ್ಲುವ ಗುಂಡಿ ಬೇಕು. ಒಡ್ಡನ್ನು ಎತ್ತರಿಸುತ್ತಲೇ ಹೋಗುವುದರಲ್ಲಿ ಅರ್ಥವಿಲ್ಲವೆಂದು ಆ ವಿದ್ಯೆಯ ಗುರುಗಳಾದ ಡಚ್ಚರೇ ಒಪ್ಪಿಕೊಂಡರು. 1995ರ ನೆರೆಯಲ್ಲಿ ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಿದ ಮೇಲೆ ಅವರು ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಹಿಡಿದು ಮೂವತ್ತಕ್ಕೂ ಹೆಚ್ಚು ಕಡೆ ಕೆಲಸ ಮಾಡಿದರು. ನೈಮೇಗನ್ ನಗರದಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಅದಕ್ಕಾಗಿ ಮನೆಗಳನ್ನೂ ತೆರವು ಮಾಡಿದರು.

ಅಘನಾಶಿನಿಯ ಪಾಠ

ಇದೇ ಬಾಗಿಲು ನಮ್ಮಲ್ಲೂ ಇದೆ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿ ಎಂದರೆ ಥಾಣೆಯ ಖಾರ್ ಜಮೀನಿನ ತಂಗಿ. ಅಲ್ಲೂ ಒಡ್ಡು, ಹಲಗೆ ಬಾಗಿಲು, ಮಳೆಗಾಲದಲ್ಲಿ ಉಪ್ಪು ಮತ್ತು ನೆರೆ ಎರಡನ್ನೂ ತಾಳುವ ಕಗ್ಗ ಭತ್ತ, ಕೊಯ್ಲಿನ ನಂತರ ಸಿಗಡಿ, ಮೀನು. ಒಡ್ಡುಗಳ ಸ್ವರೂಪ ಬದಲಾಗಿ, ಸಿಗಡಿ ಕೃಷಿಯ ಆಸೆ ಹೆಚ್ಚಿದ ಮೇಲೆ ಕಗ್ಗ ಹಿಂದೆ ಸರಿಯಿತು. ಆದರೂ ಮಾಣಿಕಟ್ಟೆಯ ರೈತರು ಒಟ್ಟಾಗಿ ಅದರ ಬೀಜ ಉಳಿಸಿಕೊಂಡಿದ್ದಾರೆ. 2024ರಲ್ಲಿ ಅಘನಾಶಿನಿ ಅಳಿವೆಯೂ ರಾಮ್‌ಸರ್ ಪಟ್ಟಿಗೆ ಸೇರಿತು. ಗೋವೆಯ ಖಾಜನ, ಕೇರಳದ ಪೊಕ್ಕಾಳಿ, ಕಣ್ಣೂರು ಕಡೆಯ ಕೈಪಾಡ್ ಎಲ್ಲವೂ ಒಂದೇ ವಂಶದವು. ಉಪ್ಪುನೀರಿನ ಜೊತೆ ಜಗಳ ಬಿಟ್ಟು ಅದರ ಗಡಿಯಾರಕ್ಕೆ ತಮ್ಮ ಬದುಕು ಹೊಂದಿಸಿಕೊಂಡವರ ವಿದ್ಯೆ ಅದು.

ಹಾಗಾದರೆ ಥಾಣೆ ಖಾಡಿಗೆ ಆಗಬೇಕಾದದ್ದೇನು? ಹೋಲ್ಡಿಂಗ್ ಪಾಂಡ್‌ಗಳ ಗೇಟು ದುರಸ್ತಿಯಾಗಬೇಕು, ಹೂಳೆತ್ತುವುದು ವರ್ಷವರ್ಷದ ಕೆಲಸವಾಗಬೇಕು. ಕೆರೆಯ ನಡುವೆ ನೀರು, ಅಂಚಿಗೆ ಕಾಂಡ್ಲಾ ಎಂಬ ಸ್ಪಷ್ಟ ಗೆರೆಯನ್ನು ಪಾಲಿಕೆ, ಅರಣ್ಯ ಇಲಾಖೆ ಕೂಡಿ ಎಳೆದು ಕೋರ್ಟಿನ ಮುಂದಿಡಬೇಕು. ಕಡಲು ಏರಿದಂತೆ ಕಾಂಡ್ಲಾ ಕಾಡು ನೆಲದ ಕಡೆ ಸರಿಯುತ್ತದೆ. ಹಿಂದೆ ಗೋಡೆ ಎದ್ದರೆ ಅದು ಕಡಲಿಗೂ ಗೋಡೆಗೂ ನಡುವೆ ಸಿಕ್ಕಿ ಸಾಯುತ್ತದೆ. ಅದಕ್ಕೂ ಹಿಂದೆ ಜಾಗ ಬಿಡಬೇಕು. ಖಾಡಿಯ ಪಶ್ಚಿಮ ದಡದಲ್ಲಿ ಮುಲುಂಡ್, ಭಾಂಡುಪ್, ಕಾಂಜುರ್‌ಮಾರ್ಗ್‌ಗಳ ಉಪ್ಪಿನ ಆಗರಗಳ 250 ಎಕರೆಗೂ ಹೆಚ್ಚು ನೆಲವನ್ನು ಮನೆ ಕಟ್ಟಲು ಕೊಡುವ ತೀರ್ಮಾನ 2024ರಲ್ಲಿ ಆಗಿದೆ. ಬಡವರಿಗೆ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರಿನ ಅಂಗಳದಲ್ಲಿ ಕಟ್ಟಿದ ಮನೆಗೆ ನೀರು ಬಂದಾಗ ಮೊದಲು ನೆನೆಯುವವರೂ ಆ ಬಡವರೇ.

ಡೊಂಬಿವಲಿ, ಕಲ್ಯಾಣ್, ಥಾಣೆ, ನೆರುಳುಗಳಲ್ಲಿ ನೆಲೆಸಿದ ಕನ್ನಡ, ತುಳು ಮನೆಗಳವರಲ್ಲಿ ಅನೇಕರು ಶರಾವತಿ, ಸ್ವರ್ಣಾ, ನೇತ್ರಾವತಿ ಅಳಿವೆಗಳ ಊರುಗಳಿಂದ ಬಂದವರು. ಉಬ್ಬರ ಇಳಿತದ ಲೆಕ್ಕ ನಮ್ಮ ಅಜ್ಜಂದಿರಿಗೆ ಬಾಯಿಪಾಠವಾಗಿತ್ತು. ಇನ್ನು ಮುಂದೆ ಖಾಡಿಯ ಬದಿಯಲ್ಲಿ ಫ್ಲಾಟು ಕೊಳ್ಳುವಾಗ ರೇಟು, ಸ್ಟೇಷನ್ನಿನ ದೂರಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಉಬ್ಬರ ಏರಿ ಬಾಗಿಲು ಮುಚ್ಚಿದಾಗ ಈ ಬಡಾವಣೆಯ ಮಳೆನೀರು ಎಲ್ಲಿ ಕಾಯುತ್ತದೆ? ಉತ್ತರ ಸಿಗದಿದ್ದರೆ, ಆ ನೀರು ಕಾಯುವುದು ನಮ್ಮ ಮನೆಯೊಳಗೇ.