ಕುಂದಗೋಳದ ಸುಭದ್ರೆ

ಹುಬ್ಬಳ್ಳಿ ಅಂಚಿನ ಗಬ್ಬೂರ ಎಂದರೆ ಈಗ ಎಲ್ಲರಿಗೂ ಬೈಪಾಸೇ ನೆನಪು. ಲಾರಿಗಳು ಇಲ್ಲಿ ಊರು ತಪ್ಪಿಸಿ ನರೇಂದ್ರದ ಕಡೆ ಹೊರಳುತ್ತವೆ. ಹಾಡು ಕೇಳುವವರ ಮನಸ್ಸು ಮಾತ್ರ ಇಲ್ಲಿಂದ ತುಸು ದೂರದ ಕುಂದಗೋಳದ ಕಡೆ ಎಳೆಯುತ್ತದೆ. ಕಂಠದಿಂದಲೇ ಪಾತ್ರ ಕಟ್ಟಿದ ರಾಮಭಾವು ಅಲ್ಲಿ 1886ರಲ್ಲಿ ಹುಟ್ಟಿದರು. ನಾಡಿಗೆ ಅವರು ಸವಾಯಿ ಗಂಧರ್ವರು.

ಹುಡುಗನಿದ್ದಾಗ ಓದಲು ಬರುತ್ತಿದ್ದದ್ದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ. ಓದು ಬಹಳ ಸಾಗಲಿಲ್ಲ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಗುರುಗಳಾಗಿ ಸಿಕ್ಕರು. ವರ್ಷಗಟ್ಟಲೆ ಸ್ವರಸಾಧನೆ ನಡೆಯಿತು. ಶಿಷ್ಯ ನಾಟಕ ಕಂಪನಿ ಸೇರುವುದು ಗುರುಗಳಿಗೆ ಬೇಡವಾಗಿತ್ತು. ರಾಮಭಾವು ಸೇರಿಯೇ ಬಿಟ್ಟರು.

ಅದನ್ನು ತಪ್ಪೆನ್ನಲು ನನ್ನ ಮನಸ್ಸು ಒಪ್ಪದು. ಮೈಕಿಲ್ಲದ ಕಾಲ. ಹಿಂದಿನ ಸಾಲಿನವನಿಗೂ ದನಿ ಮುಟ್ಟಬೇಕು, ರಾಗ ಕೆಡಬಾರದು, ಸೀರೆಯುಟ್ಟು ನಿಂತವರ ಮುಖದಲ್ಲಿ ಪಾತ್ರದ ಸಂಕಟವೂ ಕಾಣಬೇಕು. ‘ಸೌಭದ್ರ’ದ ಸುಭದ್ರೆಯಾಗಿ ಅವರು ಮರಾಠಿ ರಂಗವನ್ನು ಗೆದ್ದರು. ಆ ನಾಟಕ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರೂ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಮರಾಠಿ ನಟ ಬಾಲಗಂಧರ್ವರ ಹೆಸರು ಮನೆಮಾತಾಗಿದ್ದ ಆ ದಿನಗಳಲ್ಲಿ ಈ ಕನ್ನಡದ ಮಗನಿಗೆ ‘ಸವಾಯಿ’ ಎಂಬ ಬಿರುದು, ಅಂದರೆ ಒಂದೂಕಾಲು ಗಂಧರ್ವ!

ಬಣ್ಣ ಕಳಚಿ ಊರಿಗೆ ಬಂದ ಮೇಲೆ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಗದಗಿನ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದ. ನೀರು ಹೊತ್ತ, ಕಲಿತ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗಿ ಬರುತ್ತಿದ್ದರು. ಹಿಂದೆ ಗುರು ಶಾಲೆಗೆ ಬಂದ ದಾರಿಯಲ್ಲೇ ಶಿಷ್ಯೆಯ ಈ ಓಡಾಟ. ಜಿಪುಣ ದುಡ್ಡು ಬಿಚ್ಚುವ ಹಾಗೆ ಒಂದೊಂದೇ ಸ್ವರ ಬಿಚ್ಚಬೇಕೆಂದು ಗುರುಗಳು ಕಲಿಸಿದ್ದನ್ನು ಅವರು ಕೊನೆತನಕ ನೆನೆಯುತ್ತಿದ್ದರು. ಕಂಪನಿಯಲ್ಲಿ ‘ಒನ್ಸ್ ಮೋರ್’ ಕೇಳಿದ ಗಾಯಕ ಶಿಷ್ಯರಿಗೆ ಕೊಟ್ಟದ್ದು ಈ ಸಾವಧಾನವನ್ನು.

ಮುಂದೆ ಪಾರ್ಶ್ವವಾಯು ಬಡಿದು ಹಾಡಿಕೆ ನಿಂತಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಭೀಮಸೇನರು ಅಲ್ಲಿ ಗುರುಗಳ ಹೆಸರಿನಲ್ಲಿ ಉತ್ಸವ ಆರಂಭಿಸಿದರು; ಇಂದು ಅದಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನನಗೆ ಹೆಚ್ಚು ಹತ್ತಿರವಾದದ್ದು ಕುಂದಗೋಳದ ನಾಡಿಗೇರ ವಾಡೆ. ಪುಣ್ಯತಿಥಿಯ ಸಂಗೀತೋತ್ಸವದಲ್ಲಿ ಅಲ್ಲಿ ಅಹೋರಾತ್ರಿ ಹಾಡು. ಗಂಗೂಬಾಯಿ, ಭೀಮಸೇನರೂ ಅಲ್ಲಿ ಕೂತು ಹಾಡಿದವರೇ. ಬೆಳಗಿನ ಭೈರವಿ ಮುಗಿಯುವತನಕ ಊರವರು ಜಮಖಾನೆ ಬಿಟ್ಟು ಏಳುವುದಿಲ್ಲ.