ಪ್ರನಾಳೀಯ ಫಲೀಕರಣ: ಯಶಸ್ಸಿನ ಪ್ರಮಾಣ ಮತ್ತು ಅದರ ಎಣಿಕೆ

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಜನಿಸಿದ ಸಂಗತಿ ಸುಪರಿಚಿತ. ಅದರ ಹಿಂದಿನ ವೈಫಲ್ಯಗಳ ಲೆಕ್ಕ ಅಷ್ಟು ಪರಿಚಿತವಲ್ಲ. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಹಾಗೂ ಜೀನ್ ಪರ್ಡಿ ಅವರು 1969ರಿಂದ 1978ರವರೆಗೆ 282 ಮಹಿಳೆಯರಲ್ಲಿ ನಡೆಸಿದ 457 ಚಿಕಿತ್ಸಾ ಆವರ್ತಗಳ ಪೈಕಿ ಭ್ರೂಣವನ್ನು ಗರ್ಭಾಶಯಕ್ಕೆ ವರ್ಗಾಯಿಸಲಾದುದು 112ರಲ್ಲಿ ಮಾತ್ರ. ಗರ್ಭ ನಿಂತದ್ದು 5 ಬಾರಿ. ಜೀವಂತ ಜನನ 2.

ಗರ್ಭಧಾರಣೆಗಳನ್ನು ವರ್ಗಾವಣೆಗಳ ಸಂಖ್ಯೆಯಿಂದ ಭಾಗಿಸಿದರೆ ಯಶಸ್ಸು ಶೇ. 4.5, ಜೀವಂತ ಜನನಗಳನ್ನು ಒಟ್ಟು ಆವರ್ತಗಳಿಂದ ಭಾಗಿಸಿದರೆ ಶೇ. 0.4. ಒಂದೇ ದಾಖಲೆಯಿಂದ ಹತ್ತು ಪಟ್ಟು ಅಂತರದ ಎರಡು ಉತ್ತರಗಳು ದೊರೆಯುತ್ತವೆ, ಎರಡೂ ಸುಳ್ಳಲ್ಲ. ಆದುದರಿಂದ ಭಿನ್ನ ಕಾಲಗಳ ಅಂಕಿಗಳನ್ನು ಹೋಲಿಸುವ ಮುನ್ನ ಛೇದ ಯಾವುದೆಂದು ಕೇಳುವುದು ಅನಿವಾರ್ಯ.

ಬ್ರಿಟನ್ನಿನಲ್ಲಿ 1991ರಿಂದ ಪ್ರತಿ ಚಿಕಿತ್ಸೆಯನ್ನೂ ನಿಯಂತ್ರಣ ಪ್ರಾಧಿಕಾರಕ್ಕೆ ವರದಿ ಮಾಡಬೇಕಾದುದರಿಂದ ಅಲ್ಲಿನ ದಾಖಲೆ ವಿಶ್ವಾಸಾರ್ಹ. ವರ್ಗಾಯಿಸಿದ ಪ್ರತಿ ಭ್ರೂಣಕ್ಕೆ ಜನನದ ಪ್ರಮಾಣ ಆರಂಭದಲ್ಲಿ ಶೇ. 10ಕ್ಕಿಂತ ಕಡಿಮೆಯಿದ್ದು, 2019ರ ವೇಳೆಗೆ ಶೇ. 20ನ್ನು ಮೀರಿತು. ಭ್ರೂಣವನ್ನು ಐದನೆಯ ದಿನದವರೆಗೆ ಪ್ರಯೋಗಾಲಯದಲ್ಲಿ ಬೆಳೆಸುವ ಮಾಧ್ಯಮಗಳು, ಅತಿಶೀಘ್ರ ಶೈತ್ಯೀಕರಣ ಇದಕ್ಕೆ ಮುಖ್ಯ ಕಾರಣಗಳು. ಅಂಡಾಣುವಿನೊಳಗೆ ಒಂದೇ ವೀರ್ಯಾಣುವನ್ನು ಚುಚ್ಚುವ, 1992ರಲ್ಲಿ ಬ್ರಸೆಲ್ಸ್‌ನಿಂದ ಮೊದಲು ವರದಿಯಾದ ವಿಧಾನ ಪುರುಷ ಬಂಜೆತನಕ್ಕೂ ದಾರಿ ತೆರೆಯಿತು. ವಯಸ್ಸಿನ ಮಿತಿ ಮಾತ್ರ ಹೆಚ್ಚು ಸಡಿಲವಾಗಿಲ್ಲ: ಸ್ವಂತ ಅಂಡಾಣು ಬಳಸುವ 43 ಮೀರಿದವರಲ್ಲಿ ಪ್ರಮಾಣ ಶೇ. 5ರ ಆಸುಪಾಸಿನಲ್ಲೇ ಇದೆ.

ಹಿಂದೆ ಎರಡು ಮೂರು ಭ್ರೂಣಗಳನ್ನು ಒಟ್ಟಿಗೆ ವರ್ಗಾಯಿಸಿ ಪ್ರತಿ ಆವರ್ತದ ಯಶಸ್ಸನ್ನು ಹೆಚ್ಚಿಸಲಾಗುತ್ತಿತ್ತು. ಅದರ ಬೆಲೆಯನ್ನು ತೆತ್ತವರು ತಾಯಂದಿರು, ಅವಧಿಗೆ ಮುನ್ನ ಹುಟ್ಟಿದ ಅವಳಿಗಳು. 1990ರ ದಶಕದಲ್ಲಿ ಸುಮಾರು ನಾಲ್ಕರಲ್ಲೊಂದು ಹೆರಿಗೆ ಬಹುಶಿಶು ಹೆರಿಗೆಯಾಗಿತ್ತು. ಒಂದೇ ಭ್ರೂಣದ ನೀತಿಯಿಂದ 2019ಕ್ಕೆ ಇದು ಶೇ. 6ರಷ್ಟಕ್ಕಿಳಿಯಿತು. ಆವರ್ತದ ಲೆಕ್ಕವನ್ನಷ್ಟೇ ನೋಡುವವರಿಗೆ ಈ ಮಹತ್ತರ ಸುಧಾರಣೆ ಕಾಣುವುದೇ ಇಲ್ಲ.

ದಾಖಲೆಯ ಮಹತ್ವವನ್ನು ಭಾರತ ಕಹಿಯಾಗಿಯೇ ಕಲಿತಿದೆ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ, ಶೈತ್ಯೀಕರಿಸಿದ ಭ್ರೂಣದಿಂದ ಶಿಶುಜನನ ಸಾಧಿಸಿದೆನೆಂದ ಡಾ. ಸುಭಾಷ್ ಮುಖರ್ಜಿ ಅವರ ಹೇಳಿಕೆಯನ್ನು ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಮುಂಬಯಿಯ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದವರಲ್ಲಿ ಒಬ್ಬರಾದ ಡಾ. ಟಿ.ಸಿ. ಆನಂದಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ಮೊದಲಿಗರೆಂಬ ಗೌರವವನ್ನು ಅವರಿಗೆ ಬಿಟ್ಟುಕೊಟ್ಟರು. ಚಿಕಿತ್ಸಾಲಯಗಳು ಫಲಿತಾಂಶವನ್ನು ರಾಷ್ಟ್ರೀಯ ನೋಂದಣಿಗೆ ಸಲ್ಲಿಸಬೇಕೆಂಬ ಕಾನೂನು ಬಂದದ್ದು 2021ರಲ್ಲಿ.